ಮುಳ್ಳು ಇಳಿಯಬೇಕು ಎನ್ನುತ್ತಿದ್ದ ಮೇಷ್ಟ್ರು

ಅವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಅಂಥ ದಿನದ ಬೆಳಗೇ ಬೇರೆ. ಡ್ರಮ್ಮಿನ ಮುಚ್ಚಳ ತೆಗೆಯುವ ಸದ್ದು, ಪೈಪು ಎಳೆಯುವ ಸದ್ದು, ಸೇವಂತಿಗೆ ಹೊತ್ತು ಹೂವಿನ ಮಾರುಕಟ್ಟೆಗೆ ಓಡುವ ಟೆಂಪೋಗಳ ಸದ್ದು ಎಲ್ಲ ಒಟ್ಟಿಗೆ ಏಳುತ್ತವೆ. ನಾನು ಪೈಪನ್ನು ತೊಟ್ಟಿಗೆ ಬಿಟ್ಟು ಒಳಗೆ ಬಂದು, ಮಿಕ್ಸಿಯಲ್ಲಿ ಚಟ್ನಿ ತಿರುವಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಜಾರಿನ ಮುಚ್ಚಳ ತೆಗೆದೆ. ಸ್ವಿಚ್ಚು ಆರಿಸಿದರೆ ಸಾಲದೇ ಎಂದು ನಮ್ಮ ಯಜಮಾನರು ಈಗೀಗ ಕೇಳುವುದಿಲ್ಲ. ಕೇಳಿ ಕೇಳಿ ಬಿಟ್ಟಿದ್ದಾರೆ.

ಮಗಳು ಲಾವಣ್ಯ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದಳು. ಬೆಂಗಳೂರಿನ ದಾರಿಯಲ್ಲಿರುವ ಒಂದು ಸಣ್ಣ ವಿಮಾನ ಹಾರಾಟದ ಶಾಲೆಯಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಅವಳದು. ಇನ್ನೂ ಪ್ರೊಬೇಷನ್. ಕಾಯಂ ಮಾಡಿಕೊಳ್ಳುತ್ತಾರೋ, ಬೇಡವೆಂದು ಮನೆಗೆ ಕಳಿಸುತ್ತಾರೋ, ಆ ತಿಂಗಳಲ್ಲೇ ಗೊತ್ತಾಗಬೇಕಿತ್ತು.

“ಡಬ್ಬಿ ಬ್ಯಾಗಲ್ಲಿದೆ. ಮಜ್ಜಿಗೆ ಸೈಡ್ ಜೇಬಲ್ಲಿದೆ,” ಎಂದೆ.

“ಡಬ್ಬಿ ಬ್ಯಾಗಲ್ಲಿ. ಮಜ್ಜಿಗೆ ಸೈಡ್ ಜೇಬಲ್ಲಿ,” ಎಂದು ಅವಳು ತಲೆಯೆತ್ತದೆ ಒಪ್ಪಿಸಿದಳು.

ಎದುರುಮನೆಯ ರತ್ನಮ್ಮ ತಮ್ಮ ಬಿಂದಿಗೆ ತುಂಬುವುದನ್ನೂ ಬಿಟ್ಟು ಇದನ್ನೇ ನೋಡುತ್ತಿದ್ದರು. ಅವರು ಚಿಂತಾಮಣಿ ಕಡೆಯವರು, ಕನ್ನಡದ ನಡುವೆ ತೆಲುಗು ತಾನಾಗಿ ಬಂದು ಸೇರಿಕೊಳ್ಳುತ್ತದೆ.

“ಏಮ್ಮಾ ಲಾವಣ್ಯ, ಇವತ್ತೂ ಗಾಳೀಲಿ ಹೋಗ್ತೀಯಾ?”

“ಅವಳು ಹೋಗಲ್ಲ ರತ್ನಮ್ಮ. ಹೋಗೋರನ್ನ ಕಳಿಸ್ತಾಳೆ,” ಎಂದೆ ನಾನು.

“ಸರ್ಲೇ, ಕಳಿಸ್ಲಿ ಬಿಡಿ, ಒಳ್ಳೇದೇ,” ಎಂದು ಅವರು ಬಿಂದಿಗೆಯ ಕಡೆ ತಿರುಗಿದರು. ಮಗಳು ಬಸ್ಸಿಗೆ ನಡೆದಳು. ತಿರುವಿನಲ್ಲಿದ್ದ ನೀಲಿ ಗೇಟಿನ ಮನೆಯ ಮುಂದೆ ಒಂದು ಕ್ಷಣ ನಿಂತು ಹೋದದ್ದು ನನಗೆ ಇಲ್ಲಿಂದಲೇ ಕಂಡಿತು. ಆ ಗೇಟಿಗೆ ಈಗ ಹೊರಗಿನಿಂದ ಬೀಗ.

ಹೇಳಿದ ಮಾತನ್ನು ತಿರುಗಿ ಒಪ್ಪಿಸುವುದು, ಪ್ಲಗ್ಗು ಕೀಳುವುದು ಇವೆಲ್ಲ ನಮ್ಮ ಮನೆಗೆ ಆ ನೀಲಿ ಗೇಟಿನಿಂದಲೇ ಬಂದವು. ಬೀದಿಯವರೆಲ್ಲ ಅವರನ್ನು ಏರೋಪ್ಲೇನ್ ಮೇಷ್ಟ್ರು ಎನ್ನುತ್ತಿದ್ದರು. ಹುಟ್ಟಿದ್ದು ಗೌರಿಬಿದನೂರಿನ ಆಚೆ, ವಿದುರಾಶ್ವತ್ಥದ ಹತ್ತಿರದ ಹಳ್ಳಿ. ದೇಶದ ಯಾವ ಯಾವುದೋ ಊರುಗಳ ಹಾರಾಟ ಶಾಲೆಗಳಲ್ಲಿ ಪೈಲಟ್ಟುಗಳಿಗೂ ಮೆಕ್ಯಾನಿಕ್ಕುಗಳಿಗೂ ಎಂಜಿನ್ ಪಾಠ ಹೇಳಿ, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಬಂದು ನೆಲೆಸಿದವರು. ಪಾಠ ಹೇಳುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ, ಎಣಿಸುವುದು ಇಂಗ್ಲಿಷಿನಲ್ಲಿ.

ಮೆತ್ತನೆಯ ಮನುಷ್ಯರು ಎಂದು ಯಾರೂ ತಿಳಿಯಬಾರದು. ತಮ್ಮ ಬಗ್ಗೆ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಕೊತ್ತಂಬರಿ ಸೊಪ್ಪು ತರಲು ಹೊರಟರೂ ಪಾಲಿಶ್ ಮಾಡಿದ ಶೂ, ಇಸ್ತ್ರಿಯ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎರಡೇಕೆ ಎಂದು ಒಮ್ಮೆ ಕೇಳಿದೆ.

“ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ. ವಿಮಾನದ ಎಂಜಿನ್ನಲ್ಲೂ ಹಂಗೇ ಕಣಮ್ಮ, ಕಿಡಿ ಕೊಡೋದು ಒಂದಲ್ಲ, ಎರಡು.”

ನಂದಿ ಬೆಟ್ಟದ ಪಕ್ಕದಿಂದ ದೇವನಹಳ್ಳಿಯ ಕಡೆ ಇಳಿಯುವ ವಿಮಾನ ಕಂಡರೆ ಸಾಕು, ತರಕಾರಿ ಗಾಡಿಯವನನ್ನೂ ನಿಲ್ಲಿಸಿ ಬೆರಳು ತೋರಿಸುತ್ತಿದ್ದರು. “ನೋಡು, ನಾನು ಕಲಿಸಿದೋರು ಯಾರಾದ್ರೂ ಅದ್ರಲ್ಲಿ ಇದ್ದೇ ಇರ್ತಾರೆ.” ಗಾಡಿಯವನು “ಹೌದಾ ಸಾರ್, ಟೊಮೇಟೊ ಎಷ್ಟು ಹಾಕ್ಲಿ?” ಎನ್ನುತ್ತಿದ್ದ. ಎಷ್ಟು ಎಂದು ಹೇಳಿ, ಅದನ್ನು ಅವನ ಬಾಯಿಂದ ಇನ್ನೊಮ್ಮೆ ಹೇಳಿಸದೆ ಮೇಷ್ಟ್ರು ಚೀಲ ಮುಂದಕ್ಕೆ ಹಿಡಿಯುತ್ತಿರಲಿಲ್ಲ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಗಣೇಶನ ಹಬ್ಬಕ್ಕೆ. ನಡುಮನೆಯಲ್ಲಿ ನಿಲ್ಲುವ ಫ್ಯಾನಿತ್ತು, ಓಡುತ್ತಿರಲಿಲ್ಲ. ಅದರ ಮುಂದಿನಿಂದ ನಾಲ್ಕು ಹೆಜ್ಜೆ ಹಾಕಿದ್ದರೆ ದೇವರ ಕೋಣೆ. ಮೇಷ್ಟ್ರು ಹಾಗೆ ಹೋಗಲಿಲ್ಲ. ಸೋಫಾಗೂ ಗೋಡೆಗೂ ನಡುವೆ ಹೊಟ್ಟೆ ಒಳಕ್ಕೆಳೆದುಕೊಂಡು, ಫ್ಯಾನಿನ ಬೆನ್ನ ಹಿಂದಿನಿಂದ ಸುತ್ತು ಹಾಕಿಕೊಂಡು ಬಂದರು.

“ಫ್ಯಾನ್ ಆಫ್ ಆಗಿದೆ ಮೇಷ್ಟ್ರೇ, ಈ ಕಡೆಯಿಂದಲೇ ಬನ್ನಿ,” ಎಂದೆ.

“ಆಫ್ ಅಂತ ಯಾರು ಹೇಳಿದ್ರು?”

“ಸ್ವಿಚ್ಚು.”

“ಸ್ವಿಚ್ಚು ತನ್ನ ವಿಷಯ ಹೇಳ್ತು. ಫ್ಯಾನಿನ ವಿಷಯ ಫ್ಯಾನೇ ಹೇಳ್ಬೇಕು.”

ಹುಚ್ಚು ಮುದುಕರು ಎಂದುಕೊಂಡೆ. ಆಮೇಲೆ ಹಬ್ಬದ ಊಟದ ಎಲೆಯ ಮುಂದೆ ಕೂತು ಅವರು ವಿವರಿಸಿದ್ದನ್ನು ಕೇಳಿದ ಮೇಲೆ ಹಾಗೆ ಅನ್ನಿಸಲಿಲ್ಲ. ನಮ್ಮ ಮನೆಯ ದೀಪದ ತಂತಿ ತುಂಡಾದರೆ ದೀಪ ಆರಿಹೋಗುತ್ತದೆ. ಸಣ್ಣ ವಿಮಾನದ ಎಂಜಿನ್ನಿನಲ್ಲಿ ಇದು ತಲೆಕೆಳಗು. ಅಲ್ಲಿ ಮ್ಯಾಗ್ನೆಟೋ ಎಂಬ ಯಂತ್ರವಿರುತ್ತದೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ತಾನು ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಅದನ್ನು ಸುಮ್ಮನಿರಿಸಬೇಕಾದರೆ ಒಂದು ತಂತಿಯ ಮೂಲಕ ಅದರ ಕರೆಂಟನ್ನು ಎಂಜಿನ್ನಿನ ಮೈಗೆ ಇಳಿಸಿಬಿಡಬೇಕು. ಪೈಲಟ್ಟಿನ ಮುಂದಿರುವ ಸ್ವಿಚ್ಚು ಮಾಡುವುದು ಇಷ್ಟೇ ಕೆಲಸ. ಆ ತಂತಿಯೇ ತುಂಡಾದರೆ ಸ್ವಿಚ್ಚು ಆಫ್ ಎಂದು ತೋರಿಸುತ್ತಿದ್ದರೂ ಮ್ಯಾಗ್ನೆಟೋ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಆಗ ಯಾರಾದರೂ ಪ್ರೊಪೆಲ್ಲರಿಗೆ ಕೈ ಹಾಕಿ ಸ್ವಲ್ಪ ತಿರುಗಿಸಿದರೂ ಸಾಕು, ನಿಂತ ಎಂಜಿನ್ ದಿಢೀರನೆ ಒಂದು ಸುತ್ತು ಹೊಡೆಯಬಹುದು. ಕೈ ಉಳಿಯುವುದಿಲ್ಲ, ಕೆಲವೊಮ್ಮೆ ಮನುಷ್ಯನೂ ಉಳಿಯುವುದಿಲ್ಲ.

“ಅದಕ್ಕೇ ನಾನು ನಿಂತಿರೋ ಯಾವ ರೆಕ್ಕೇನೂ ನಂಬಲ್ಲ,” ಎಂದು ಅವರು ಕಡುಬಿಗೆ ತುಪ್ಪ ಹಾಕಿಸಿಕೊಂಡರು.

ಮಿಕ್ಸಿಯ ಪ್ಲಗ್ಗು ನಾನು ಕಿತ್ತಿಡಲು ಶುರು ಮಾಡಿದ್ದು ಮರುದಿನದಿಂದ. ಮಿಕ್ಸಿಗೆ ಮ್ಯಾಗ್ನೆಟೋ ಇಲ್ಲ ಎಂದು ನನಗೂ ಗೊತ್ತು. ಅಭ್ಯಾಸ ಇರಲಿ ಎಂದು.

ಲಾವಣ್ಯ ವಿಮಾನದ ಮೆಕ್ಯಾನಿಕ್ ಕೋರ್ಸಿಗೆ ಸೇರಿದ ಮೇಲೆ ಮೇಷ್ಟ್ರು ಭಾನುವಾರಗಳಲ್ಲಿ ನಮ್ಮ ಊಟದ ಮೇಜಿಗೆ ಬರತೊಡಗಿದರು. ಕರೆದದ್ದು ನಾವಲ್ಲ, ಅವರೇ ಬಂದರು. ಎಲ್ಲ ಪದಗಳನ್ನೂ ಅವಳು ಮೊದಲು ಕನ್ನಡದಲ್ಲಿ ವಿವರಿಸಬೇಕು ಎಂದು ಹಟ ಹಿಡಿದರು. “ಇಂಗ್ಲಿಷಲ್ಲಿ ಬಾಯಿಪಾಠ ಒಪ್ಪಿಸ್ತಾಳೆ, ಅದು ಗಿಣೀನೂ ಮಾಡುತ್ತೆ. ಮನೇಲಿ ಮಾತಾಡೋ ಮಾತಲ್ಲಿ ಹೇಳು ಅಂದ್ರೆ ಅರ್ಥ ಆಗಿದ್ಯೋ ಇಲ್ವೋ ಗೊತ್ತಾಗುತ್ತೆ.” ತೀರ್ಪು ಹೇಳುವ ಕೆಲಸ ನನ್ನದು. ನಾನು ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು, ಎಂಜಿನ್ ಗೊತ್ತಿಲ್ಲ, ಆದ್ದರಿಂದ ನನಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬುದು ಅವರ ಲೆಕ್ಕ. ಹೊಗಳಿಕೆಯೋ ಬೈಗುಳವೋ ಇವತ್ತಿಗೂ ತಿಳಿಯದು. ನಾನು ಅವರೆಕಾಯಿ ಸುಲಿಯುತ್ತಲೇ ತೀರ್ಪು ಹೇಳುತ್ತಿದ್ದೆ.

“ಥ್ರಾಟಲ್ ಅಂದ್ರೆ ಏನಮ್ಮ?”

“ಸ್ಪೀಡ್ ಜಾಸ್ತಿ ಮಾಡೋದು ಸರ್,” ಎಂದಳು ಲಾವಣ್ಯ.

“ಅದು ಮಾಡೋ ಕೆಲಸದಿಂದ ಆಗೋ ಫಲ. ಅದು ಏನು?”

ಅವಳು ಸೀಲಿಂಗು ನೋಡಿದಳು. ಮೇಷ್ಟ್ರು ಎದ್ದು ಹೋಗಿ ನಮ್ಮ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿದರು, ಪೂರ್ತಿ ತೆರೆದರು, ಮತ್ತೆ ಅರ್ಧ ಮುಚ್ಚಿದರು. “ಗಾಳಿಗೆ ಇಟ್ಟಿರೋ ಬಾಗ್ಲು. ಅಷ್ಟೇ. ಎಷ್ಟು ತೆಗೀತೀಯೋ ಅಷ್ಟು ಗಾಳಿ ಒಳಕ್ಕೆ, ಅದರ ಜೊತೆ ಪೆಟ್ರೋಲು. ಏನಮ್ಮ, ತಿಳೀತಾ?” ಕೊನೆಯದು ನನಗೆ.

“ತಿಳೀತು. ಬಾಗ್ಲು ಹಂಗೇ ಬಿಟ್ಬಿಡಿ ಮೇಷ್ಟ್ರೇ, ಬೆಕ್ಕು ಬರುತ್ತೆ.”

ಮಿಕ್ಸ್ಚರ್ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಗಾಳಿಗೆ ಪೆಟ್ರೋಲು ಹೆಚ್ಚು ಬೆರೆತರೆ ರಿಚ್, ಕಡಿಮೆ ಬೆರೆತರೆ ಲೀನ್ ಎನ್ನುತ್ತಾರಂತೆ. ರಿಚ್ ಎಂದರೆ ಶ್ರೀಮಂತ, ಲೀನ್ ಎಂದರೆ ಸಣಕಲು ಎಂದು ಸಿಸ್ಟರು ಕಲಿಸಿದ್ದು ನನ್ನ ತಲೆಯಲ್ಲಿ.

“ಸಣಕಲು ಮಿಶ್ರಣ ಅಂದ್ರೆ ಹೆಂಗಿರುತ್ತೆ ಮೇಷ್ಟ್ರೇ?” ಎಂದೆ.

“ಶಿಡ್ಲಘಟ್ಟದಲ್ಲಿ ನಿಮ್ಮ ನಾದಿನಿ ಬಡಿಸಿದ್ರಲ್ಲ ಸಾರು, ಹಂಗಿರುತ್ತೆ.”

ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಕೆಮ್ಮಿದರು. ತಂಗಿಯ ಸಾರಿನ ಪರವಾಗಿ ಅಷ್ಟೇ ಮಾಡಲು ಅವರಿಗೆ ಸಾಧ್ಯವಾಯಿತು. ಮೇಷ್ಟ್ರು ಮುಂದುವರಿಸಿದರು. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲು ಮಾತ್ರ ಕೆಳಗಿನಷ್ಟೇ ಸುರಿಯುತ್ತಿದ್ದರೆ ಎಂಜಿನ್ನಿಗೆ ಅಜೀರ್ಣ. ಆಗ ಪೈಲಟ್ಟು ಕೆಂಪು ಗುಂಡಿಯನ್ನು ಹದವಾಗಿ ಹಿಂದಕ್ಕೆಳೆದು ತೆಳ್ಳಗೆ ಮಾಡಬೇಕು. ಅದೇ ಗುಂಡಿಯನ್ನು ಪೂರ್ತಿ ಎಳೆದರೆ ಪೆಟ್ರೋಲೇ ನಿಂತು ಎಂಜಿನ್ ಉಪವಾಸ ಬಿದ್ದು ನಿಲ್ಲುತ್ತದೆ. ವಿಮಾನದ ಎಂಜಿನ್ ನಿಲ್ಲಿಸುವುದು ಹೀಗೆಯೇ, ಕಿಡಿ ಆರಿಸಿ ಅಲ್ಲ. “ಒಳಗೆ ಪೆಟ್ರೋಲು ಉಳಿಸಿ, ಕಿಡಿ ಸತ್ತಿದೆ ಅಂತ ನಂಬಿ ಇಳಿಯೋನು ಮೂರ್ಖ. ಊಟ ನಿಲ್ಸು, ಆಮೇಲೆ ಸ್ವಿಚ್ಚು.”

“ಊಟ ನಿಲ್ಸು, ಆಮೇಲೆ ಸ್ವಿಚ್ಚು,” ಎಂದಳು ಲಾವಣ್ಯ.

ನಾನೂ ಒಪ್ಪಿಸಿದೆ, ಕೈಯಲ್ಲಿ ಅವರೆಕಾಯಿ ಹಿಡಿದುಕೊಂಡೇ. ಹೇಳದೆ ಅವರು ಬಿಡುವುದಿಲ್ಲ ಎಂದು ಗೊತ್ತಿತ್ತಲ್ಲ.

ಅವರು ಲಾವಣ್ಯಳ ಮೇಲೆ ಹೊರಿಸಿದ ದೂರು ಮಾತ್ರ ನನಗೆ ಬಹಳ ದಿನ ಚುಚ್ಚಿತು. ಅದು ಬಂದದ್ದು ಹೂ ಕಟ್ಟುವ ನೆವದಿಂದ. ಒಂದು ಸಂಜೆ ಮಂಡಿಕಲ್ಲಿನಿಂದ ಪರಿಚಯದವರು ಒಂದು ಚೀಲ ಕಾಕಡ ಕಳಿಸಿದ್ದರು. ನಾನು ಕಟ್ಟುತ್ತಿದ್ದೆ. ಮೇಷ್ಟ್ರು ಸುಮ್ಮನೆ ನೋಡುತ್ತಿದ್ದವರು, “ಒಂದು ಕಣ್ಣು ಮುಚ್ಚಿ ಕಟ್ಟಿ ನೋಡಮ್ಮ,” ಎಂದರು. ಮುಚ್ಚಿದೆ. ದಾರ ಎಲ್ಲಿ, ತೊಟ್ಟು ಎಲ್ಲಿ ಎಂದು ಬೆರಳು ತಡವರಿಸಿತು. ನಿಲ್ಲಲಿಲ್ಲ, ನಿಧಾನವಾಯಿತು.

“ಇದು ನೋಡು ಡ್ರಾಪ್!” ಎಂದು ಮೇಜು ಬಡಿದರು. “ಎಂಜಿನ್ನಿಗೆ ಎರಡು ಮ್ಯಾಗ್ನೆಟೋ. ಮೇಲಕ್ಕೆ ಹೋಗೋಕೆ ಮುಂಚೆ ಒಂದೊಂದನ್ನೇ ಆರಿಸಿ ಪರೀಕ್ಷೆ ಮಾಡ್ತೀವಿ. ಒಂದು ಆರಿಸಿದ್ರೆ ಎಂಜಿನ್ ಸ್ವಲ್ಪ ನಿಧಾನ ಆಗ್ಬೇಕು, ಮೀಟರಿನ ಮುಳ್ಳು ಒಂಚೂರು ಕೆಳಗಿಳೀಬೇಕು. ಜಾಸ್ತಿ ಇಳಿದ್ರೆ ಕಾಯಿಲೆ. ಈಗ ನೀನು ಕಟ್ಟಮ್ಮ ಲಾವಣ್ಯ.”

ಲಾವಣ್ಯ ಎಡಗಣ್ಣಿನ ಮೇಲೆ ಕರವಸ್ತ್ರ ಕಟ್ಟಿಕೊಂಡು ಹೂ ಕಟ್ಟಿದಳು. ಎರಡೂ ಕಣ್ಣು ತೆರೆದಿದ್ದಾಗ ಕಟ್ಟುತ್ತಿದ್ದಷ್ಟೇ ಬೇಗ ಕಟ್ಟಿದಳು. “ನಂಗೆ ಇಳೀಲೇ ಇಲ್ಲ ಸರ್!” ಎಂದು ಕುಣಿದಾಡಿದಳು.

ಮೇಷ್ಟ್ರು ಹತ್ತಿರ ಹೋಗಿ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿದರು. ಅದು ಹಳೆಯದು, ತೊಳೆದು ತೊಳೆದು ಜಾಲರಿಯಾಗಿತ್ತು. ಅದರೊಳಗಿಂದ ಅವಳಿಗೆ ಎಲ್ಲವೂ ಕಾಣುತ್ತಿತ್ತು.

“ಇಳೀಲಿಲ್ಲ ಅಂದ್ರೆ ಏನರ್ಥ? ಕಣ್ಣು ಮುಚ್ಚೇ ಇಲ್ಲ ಅಂತ ಅರ್ಥ. ಆರಿಸಿದ ಮ್ಯಾಗ್ನೆಟೋ ಆರಿಲ್ಲ, ಆ ತಂತಿ ಎಲ್ಲೋ ತುಂಡಾಗಿದೆ ಅಂತ ಅರ್ಥ. ಮುಳ್ಳು ಇಳೀಲಿಲ್ಲ ಅಂತ ಎಂಜಿನ್ನಿಗೆ ಮುತ್ತು ಕೊಡೋ ಮೆಕ್ಯಾನಿಕ್ಕು ನನಗೆ ಬೇಡ.”

ಆಮೇಲೆ, ಅವಳು ಮುಖ ತೊಳೆಯಲು ಎದ್ದು ಹೋದಾಗ, ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. “ತಲೆ ಇದೆ. ಕೈ ಇದೆ. ಆದ್ರೆ ನಿಮ್ಮ ಹುಡುಗಿ ಬೇಗ ಖುಷಿಪಡ್ತಾಳೆ ಕಣಮ್ಮ. ಬೇರೆ ಕೆಲಸಕ್ಕೆ ಪರವಾಗಿಲ್ಲ. ಇದಕ್ಕೆ ಆಗಲ್ಲ.”

ಮಗು ಬೇಗ ಖುಷಿಪಡುತ್ತದೆ ಎಂಬುದು ದೂರು ಹೇಗಾಗುತ್ತದೆ? ನಾನು ಹೆತ್ತವಳು, ಆ ಖುಷಿ ನೋಡಿಯೇ ಅಷ್ಟು ವರ್ಷ ಬೆಳೆಸಿದ್ದೆ. ಅವತ್ತು ಅವರಿಗೆ ಕಾಫಿಗೆ ಸಕ್ಕರೆ ಕಡಿಮೆ ಹಾಕಿದೆ. ಅವರು ಗಮನಿಸಿದರು, ಕುಡಿದು ಹೋದರು. ಮುಂದಿನ ಭಾನುವಾರ ಏನೂ ಆಗದವರಂತೆ ಮತ್ತೆ ಬಂದರು.

ಅವಳಿಗೆ ಲೈಸೆನ್ಸು ಬಂದಾಗ ಮೊದಲು ಓಡಿದ್ದು ನೀಲಿ ಗೇಟಿಗೆ. ನಾನೂ ಹಿಂದೆಯೇ ಹೋದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, “ಫೋಟೋ ಚೆನ್ನಾಗಿ ಬಂದಿಲ್ಲ,” ಎಂದರು. ನನಗೆ ತಡೆಯಲಾಗಲಿಲ್ಲ.

“ಈಗಲಾದ್ರೂ ಹೇಳಿ ಮೇಷ್ಟ್ರೇ. ಆಗ್ತಾಳೋ ಇಲ್ವೋ?”

“ಇನ್ನೂ ಹೇಳಕ್ಕಾಗಲ್ಲ. ಬೈಸಿಕೊಂಡಾಗ ಎಲ್ರೂ ಎಚ್ಚರವಾಗೇ ಇರ್ತಾರೆ. ಒಂದಿನ ಯಾರೋ ಇವಳ ಎಂಜಿನ್ನನ್ನ ಹೊಗಳ್ತಾರೆ ನೋಡಿ, ಆವತ್ತು ಗೊತ್ತಾಗುತ್ತೆ.”

ಅದನ್ನು ನೋಡಲು ಅವರು ಇರಲಿಲ್ಲ. ಹೋದ ಅವರೆಕಾಯಿ ಕಾಲದಲ್ಲಿ, ಯಾರಿಗೂ ತೊಂದರೆ ಕೊಡದೆ, ಮಧ್ಯಾಹ್ನದ ನಿದ್ದೆಯಲ್ಲೇ ಹೋಗಿಬಿಟ್ಟರು. ಶೂ ಮಂಚದ ಕೆಳಗೆ ಜೋಡಿಸಿಟ್ಟಿದ್ದವು, ಪಾಲಿಶ್ ಆಗಿದ್ದವು.

ಅವತ್ತು, ನೀರು ಬಂದ ಆ ದಿನ, ಮಧ್ಯಾಹ್ನ ನಾನು ಊಟಕ್ಕೆ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಲಾವಣ್ಯಳ ಫೋನು ಬಂತು. ದನಿ ಸಣ್ಣಗಿತ್ತು.

“ಅಮ್ಮ, ನಾನೊಂದು ವಿಮಾನ ನಿಲ್ಲಿಸಿಬಿಟ್ಟಿದೀನಿ.”

ನಡೆದದ್ದು ಇಷ್ಟು. ಹಿಂದಿನ ದಿನ ಅವಳೇ ಒಂದು ವಿಮಾನದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಶುಚಿಮಾಡಿ ಹಾಕಿದ್ದಳು. ಬೆಳಿಗ್ಗೆ ಮೊದಲ ಹಾರಾಟ ಮುಗಿಸಿ ಇಳಿದ ತರಬೇತಿಯ ಪೈಲಟ್ಟು, ಅವಳನ್ನು ಕಂಡು ಎಲ್ಲರೆದುರು ಹೆಬ್ಬೆಟ್ಟು ಎತ್ತಿ ತೋರಿಸಿದನಂತೆ. “ಅಕ್ಕಾ, ನಿಮ್ಮ ಎಂಜಿನ್ ಬಂಗಾರ! ಚೆಕ್ ಮಾಡುವಾಗ ಮುಳ್ಳು ಅಲ್ಲಾಡಲೇ ಇಲ್ಲ.” ಅಲ್ಲಿದ್ದವರು ನಕ್ಕು ಚಪ್ಪಾಳೆ ತಟ್ಟಿದರಂತೆ. ಅದೇ ಹೊತ್ತಿಗೆ ಇನ್ನೊಬ್ಬ ತರಬೇತಿಯವನು ವಿಮಾನವನ್ನು ತಿರುಗಿಸಿ ನಿಲ್ಲಿಸಲು ಪ್ರೊಪೆಲ್ಲರಿಗೆ ಕೈ ಹಾಕಿದ್ದ.

“ಕೈ ತೆಗಿ ಅಂತ ಕಿರುಚಿಬಿಟ್ಟೆ ಅಮ್ಮ. ಎಲ್ರೂ ಬೆಚ್ಚಿಬಿದ್ರು.”

“ಆಮೇಲೆ?”

“ಹಾರಾಟ ಕಲಿಸೋ ಕ್ಯಾಪ್ಟನ್ ಬಂದ್ರು. ಎಂಜಿನ್ ಶುರು ಮಾಡಿ ಅವರೇ ಪರೀಕ್ಷೆ ಮಾಡಿದ್ರು. ಮುಳ್ಳು ಸರಿಯಾಗಿ ಇಳೀತು. ಎರಡು ಸಲ ಮಾಡಿದ್ರು, ಎರಡು ಸಲಾನೂ ಇಳೀತು. ಹುಡುಗ ಸರಿಯಾಗಿ ನೋಡಿಲ್ಲ, ಬಿಡು ಅಂದ್ರು. ನಾನು ಬಿಡಲ್ಲ ಅಂದೆ. ಮುಚ್ಚಳ ಬಿಚ್ಚಿ ತಂತಿ ನೋಡೋವರೆಗೂ ನಾನು ಸಹಿ ಹಾಕಲ್ಲ ಅಂದೆ.”

ಸಹಿಯಿಲ್ಲದೆ ವಿಮಾನ ಹೋಗುವಂತಿಲ್ಲ. ಹಾರಾಟಕ್ಕೆ ಕಾದಿದ್ದ ಹುಡುಗರು ಕಾದೇ ಕೂತರು. ಶಾಲೆಯ ಮ್ಯಾನೇಜರು ಕರೆಸಿ, ಒಂದು ಸಲ ಯಾರೋ ಏನೋ ಅಂದದ್ದಕ್ಕೆ ಇಡೀ ದಿನ ಹಾಳು ಮಾಡಬೇಕೇ ಎಂದು ಕೇಳಿದರಂತೆ. ಹಿರಿಯ ಎಂಜಿನಿಯರು ಮಧ್ಯಾಹ್ನದ ಮೇಲೆ ಬರುತ್ತಾರೆ, ಬಿಚ್ಚಿ ನೋಡುತ್ತಾರೆ. ಏನೂ ಸಿಗದಿದ್ದರೆ, ಸಂಜೆ ತಮ್ಮನ್ನು ನೋಡದೆ ಮನೆಗೆ ಹೋಗಬಾರದು ಎಂದು ಮ್ಯಾನೇಜರು ಹೇಳಿದ್ದರಂತೆ.

“ಹೋಗುತ್ತಾ ಅಮ್ಮ ಕೆಲಸ?” ಎಂದಳು.

ಎಲ್ಲ ಬಿಟ್ಟು ನನ್ನ ಬಾಯಿಗೆ ಬಂದದ್ದು ಬೇರೆಯೇ ಪ್ರಶ್ನೆ. “ಅವನು ನಿನ್ನ ಎಂಜಿನ್ ಹೊಗಳಿದಾಗ ನಿಂಗೆ ಖುಷಿ ಆಯ್ತೇನೆ?”

ಆ ಕಡೆ ಎಲ್ಲೋ ಗಾಳಿ ಬೀಸುವ ಸದ್ದು ಕೇಳುತ್ತಿತ್ತು.

“ಇಲ್ಲಮ್ಮ. ಪ್ರೊಪೆಲ್ಲರ್ ಹತ್ರ ಯಾರಿದಾರೆ ಅಂತ ನೋಡಿದೆ.”

“ಹಂಗಾದ್ರೆ ಡಬ್ಬಿ ತೆಗೆದು ಊಟ ಮಾಡು. ಆಮೇಲೆ ಎಂಜಿನಿಯರ್ ಜೊತೆ ನಿಂತು ತಂತಿ ನೋಡು.”

“ಊಟ ಮಾಡ್ತೀನಿ. ಆಮೇಲೆ ಎಂಜಿನಿಯರ್ ಜೊತೆ ನಿಂತು ತಂತಿ ನೋಡ್ತೀನಿ,” ಎಂದು ಒಪ್ಪಿಸಿ ಫೋನಿಟ್ಟಳು.

ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಅವಳ ಕೆಲಸ ಹೋಗಬಹುದು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ತಂತಿ ಸರಿಯಾಗಿಯೇ ಇದ್ದರೆ ಮುಂದೆ ಬೇರೆ ಶಾಲೆಗಳಲ್ಲೂ ಅವಳನ್ನು ಸುಮ್ಮನೆ ಕಿರುಚುವ ಹುಡುಗಿ ಎಂದೇ ಹೇಳುತ್ತಾರೆ ಎಂಬುದೂ ಗೊತ್ತಿತ್ತು. ಆದರೂ ಅನ್ನ ಕಲಸಿ ಉಂಡೆ. ಒಮ್ಮೆ ಸುಳ್ಳು ಹೇಳಿದ ತಂತಿ ಆಮೇಲೆ ಎಷ್ಟು ಸಲ ನಿಜ ಹೇಳಿದರೂ ಲೆಕ್ಕಕ್ಕಿಲ್ಲ ಎಂದು ಮೇಷ್ಟ್ರು ಅದೇ ಮೇಜಿನ ಮುಂದೆ ಕೂತು ಹೇಳಿದ್ದು ನೆನಪಿತ್ತು. ಒಳಗೆ ಎಳೆಗಳು ತುಂಡಾಗಿ, ಮೇಲಿನ ಸಿಪ್ಪೆ ಮಾತ್ರ ಹಿಡಿದುಕೊಂಡಿದ್ದರೆ, ತಂತಿ ಅಲುಗಿದಾಗ ತಾಗುತ್ತದೆ, ಬಿಡುತ್ತದೆ. ಆಗ ಮುಳ್ಳು ಒಮ್ಮೆ ಇಳಿಯುತ್ತದೆ, ಒಮ್ಮೆ ಇಳಿಯುವುದಿಲ್ಲ.

ಕಾಯುವುದು ಮೇಷ್ಟ್ರಿಗೆ ಎಂದೂ ಕಷ್ಟವಾಗುತ್ತಿರಲಿಲ್ಲ, ಕಾಯಿಸುವುದಂತೂ ಮೊದಲೇ ಇಲ್ಲ. ಚಿಂತಾಮಣಿಯ ಒಂದು ಮದುವೆಯಲ್ಲಿ ನಮ್ಮ ಜೊತೆ ಬಂದಿದ್ದರು. ಊಟದ ಹಾಲಿನಲ್ಲಿ ಆಳೆತ್ತರದ ಫ್ಯಾನು, ಅದರ ಅಕ್ಕಪಕ್ಕದಲ್ಲೇ ಗಂಡಿನ ಕಡೆಯ ಹಿರಿಯರು ಕೂತಿದ್ದರು. ಮೇಷ್ಟ್ರು ಹೋಗಿ, “ಎದ್ದೇಳಿ, ಕುರ್ಚಿ ಹಿಂದಕ್ಕೆ ಹಾಕ್ಕೊಳ್ಳಿ,” ಎಂದರು.

“ಗಾಳಿ ಬರೋದು ಮುಂದಕ್ಕಲ್ವೇನ್ರೀ? ನಾವು ಪಕ್ಕದಲ್ಲಿದೀವಿ,” ಎಂದರು ಪೇಟದ ಹಿರಿಯರೊಬ್ಬರು.

“ಗಾಳಿ ಮುಂದಕ್ಕೆ ಬರುತ್ತೆ ಸ್ವಾಮಿ. ರೆಕ್ಕೆ ಕಿತ್ಕೊಂಡ್ರೆ ಪಕ್ಕಕ್ಕೆ ಬರುತ್ತೆ.”

ಬಡಿಸುವವರು ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದರು. ಕುರ್ಚಿಗಳು ಸರಿಯುವವರೆಗೂ ಮೇಷ್ಟ್ರು ಕದಲಲಿಲ್ಲ. ಫ್ಯಾನು ಅವತ್ತು ಸುಸೂತ್ರವಾಗಿಯೇ ಓಡಿತು. ಊಟವಾದ ಮೇಲೆ ಪೇಟದವರು, “ಏನೂ ಆಗ್ಲಿಲ್ವಲ್ಲ ಸ್ವಾಮಿ ನಿಮ್ಮ ರೆಕ್ಕೆಗೆ?” ಎಂದು ಕೆಣಕಿದರು. ಮೇಷ್ಟ್ರಿಗೆ ಸ್ವಲ್ಪವೂ ಮುಖಭಂಗವಾಗಲಿಲ್ಲ. “ಆಗ್ಲಿಲ್ಲ. ಪಾಯಸ ಚೆನ್ನಾಗಿತ್ತಾ?” ಎಂದು ಎಲೆಯಡಿಕೆ ತೆಗೆದುಕೊಂಡರು.

ಪಾಯಸದ ಕಥೆ ನನಗೆ ತಿಳಿದದ್ದು ಅವತ್ತೇ, ಬಸ್ಸಿನಲ್ಲಿ ವಾಪಸು ಬರುವಾಗ. “ಹಾರಿದ ವಿಮಾನಕ್ಕೆ ಎಲ್ರೂ ಕೈ ಬೀಸ್ತಾರೆ ಕಣಮ್ಮ. ನಾನು ಹಾರಬೇಡ ಅಂತ ನಿಲ್ಲಿಸಿದ ವಿಮಾನಗಳಿಗೆ ಯಾರೂ ಕೈ ಬೀಸಿಲ್ಲ. ಬಿಚ್ಚಿ ನೋಡಿದಾಗ ತೊಂದರೆ ಸಿಕ್ಕಿದ್ರೆ, ಅದು ನಿನ್ನ ಕೆಲಸ ತಾನೆ ಅಂತಾರೆ. ಸಿಗದಿದ್ರೆ ಬೈತಾರೆ. ಎರಡಕ್ಕೂ ನಮ್ಮ ಮನೆಯವಳು ಹೆಸರುಬೇಳೆ ಪಾಯಸ ಮಾಡೋಳು. ಸಿಗ್ತಾ, ಇಲ್ವಾ ಅಂತ ಕೇಳ್ತಾ ಇರಲಿಲ್ಲ. ನಿಲ್ಲಿಸಿದೆ ಅಂದ್ರೆ ಸಾಕು, ಬೇಳೆ ಹುರಿಯೋಕೆ ಹೋಗೋಳು.”

ಕಿಟಕಿಯ ಹೊರಗೆ ದ್ರಾಕ್ಷಿ ತೋಟಗಳು ಓಡುತ್ತಿದ್ದವು. ಅವರು ಹೆಂಡತಿಯ ಬಗ್ಗೆ ನನ್ನೆದುರು ಆಡಿದ್ದು ಅದೊಂದೇ ಮಾತು. ಆಮೇಲೆ ಕಂಡಕ್ಟರನ ಜೊತೆ ಬಸ್ಸಿನ ಎಂಜಿನ್ ಸದ್ದಿನ ಬಗ್ಗೆ ವಾದಕ್ಕಿಳಿದರು.

ಊಟದ ತಟ್ಟೆ ತೊಳೆದಿಟ್ಟು ನಾನು ಹೆಸರುಬೇಳೆಯ ಡಬ್ಬ ಕೆಳಗಿಳಿಸಿದೆ. ತಂತಿಯ ಸುದ್ದಿ ಇನ್ನೂ ಬಂದಿರಲಿಲ್ಲ. ಬರುವವರೆಗೆ ಕಾಯಬೇಕು ಎಂದು ನನಗೆ ಅನ್ನಿಸಲಿಲ್ಲ. ಬೇಳೆಯನ್ನು ಸಣ್ಣ ಉರಿಯಲ್ಲಿ, ಬಣ್ಣ ತಿರುಗುವವರೆಗೆ ಹುರಿದೆ. ಬೆಲ್ಲ ಕರಗಿಸಿ ಸೋಸಿದೆ. ಕಾಯಿ ತುರಿದು, ಮಿಕ್ಸಿಯಲ್ಲಿ ರುಬ್ಬಿ, ಪ್ಲಗ್ಗು ಕಿತ್ತು, ಹಾಲು ಹಿಂಡಿದೆ. ಗೋಡಂಬಿ ಸ್ವಲ್ಪವೇ ಇತ್ತು, ಎರಡಾಗಿ ಸೀಳಿ ಹಾಕಿದೆ. ನಮ್ಮ ಯಜಮಾನರು ಸಂಜೆ ಬಂದವರು ವಾಸನೆ ಹಿಡಿದು, “ಯಾರ ಹುಟ್ಟುಹಬ್ಬ?” ಎಂದರು. ವಿಷಯ ಹೇಳಿದೆ. ಅವರು ಅಂಗಿಯ ಗುಂಡಿ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ, “ಕೆಲಸ ಹೋದ್ರೂ ಪಾಯಸಾನಾ?” ಎಂದರು.

“ಹೋದ್ರೂ ಪಾಯಸಾನೇ.”

ದೀಪ ಹಚ್ಚುವ ಹೊತ್ತಿಗೆ ಗೇಟು ಸದ್ದಾಯಿತು. ಲಾವಣ್ಯ ಬಂದು, ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ಎರಡು ಕೈಯನ್ನೂ ಸೋಪು ಹಾಕಿ ತೊಳೆದಳು. ಬೆರಳ ಸಂದಿಯ ಕಪ್ಪು ಪೂರ್ತಿ ಹೋಗಲಿಲ್ಲ. ನಾನು ಟವೆಲ್ ಕೊಟ್ಟೆ.

“ಸಿಕ್ತು,” ಎಂದಳು.

“ತಂತಿ?”

“ಮ್ಯಾಗ್ನೆಟೋ ಹಿಂದೆ ಕೂಡಿಸಿರ್ತಾರಲ್ಲ, ಅಲ್ಲೇ. ಮೇಲೆ ಸಿಪ್ಪೆ ಚೆನ್ನಾಗೇ ಇತ್ತು. ಎಂಜಿನಿಯರ್ ಒಂಚೂರು ಬಗ್ಗಿಸಿದ್ರು, ಒಳಗೆ ಎಳೆ ಎಲ್ಲ ಮುರಿದಿತ್ತು ಅಮ್ಮ. ಅಲುಗಿದ್ರೆ ತಾಗೋದು, ಇಲ್ಲಾಂದ್ರೆ ಬಿಡೋದು. ಬೆಳಿಗ್ಗೆ ಕೈ ಹಾಕಿದ್ನಲ್ಲ, ಆ ಹುಡುಗ ಅಲ್ಲೇ ನಿಂತಿದ್ದ. ತನ್ನ ಕೈ ತಾನೇ ನೋಡ್ಕೊಳ್ತಾ ಇದ್ದ.”

“ಮ್ಯಾನೇಜರ್ ಏನಂದ್ರು?”

“ಹೊಸ ತಂತಿ ಹಾಕಿ, ನಾಳೆ ಬೇಗ ಬಂದು ವಿಮಾನ ರೆಡಿ ಮಾಡು ಅಂದ್ರು.”

“ಮತ್ತೆ ಕಾಯಂ ವಿಷಯ?”

“ಮುಂದಿನ ತಿಂಗಳ ಡ್ಯೂಟಿ ಹಾಕಿದಾರೆ, ನನ್ನ ಹೆಸರೂ ಇದೆ. ಅಷ್ಟೇ ಅಮ್ಮ. ಬೇರೆ ಏನೂ ಹೇಳ್ಲಿಲ್ಲ.”

ಅವಳ ಮುಖವನ್ನು ನೋಡಿದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಒಂದು ಸ್ಟಾರ್ ಸಿಕ್ಕಿದರೆ ಬೀದಿಯ ತುದಿಯಿಂದಲೇ ಕೂಗಿಕೊಂಡು ಬರುತ್ತಿದ್ದ ಹುಡುಗಿ. ಈಗ ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದಳು, ನಿಧಾನವಾಗಿ, ಬೇರೆ ಏನನ್ನೋ ಯೋಚಿಸುತ್ತ. “ಇನ್ನೊಂದು ಮ್ಯಾಗ್ನೆಟೋದ ತಂತೀನೂ ಅಷ್ಟೇ ಹಳೇದು. ನಾಳೆ ಅದನ್ನೂ ನೋಡ್ಬೇಕು,” ಎಂದಳು. ಮೇಷ್ಟ್ರು ಇದ್ದಿದ್ದರೆ ಏನನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು. ಇಷ್ಟು ಜೋರಾಗಿ ಕಿರುಚಬೇಕಾಗಿರಲಿಲ್ಲ, ಎನ್ನುತ್ತಿದ್ದರು.

ನಾನು ಬಟ್ಟಲಿಗೆ ಪಾಯಸ ಹಾಕಿ ಅವಳ ಮುಂದಿಟ್ಟೆ. ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಬಸ್ಸಿನಲ್ಲಿ ಮೇಷ್ಟ್ರು ಆ ಮಾತು ಹೇಳಿದಾಗ ಅವಳೂ ಹಿಂದಿನ ಸೀಟಿನಲ್ಲಿದ್ದಳು, ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. “ಹೆಸರುಬೇಳೇದಾ?” ಎಂದಳು. ಕಣ್ಣು ತುಂಬಿಕೊಂಡದ್ದನ್ನು ಮುಚ್ಚಿಡಲು ಬಗ್ಗಿ ತಿನ್ನತೊಡಗಿದಳು.

ಅಷ್ಟರಲ್ಲಿ ರತ್ನಮ್ಮ ಮೊಸರಿಗೆ ಹೆಪ್ಪು ಬೇಕೆಂದು ಲೋಟ ಹಿಡಿದು ಬಂದರು. ಬಾಗಿಲಲ್ಲೇ ಮೂಗರಳಿಸಿ, “ಏನ್ ವಿಶೇಷಾರೀ?” ಎಂದರು. ಅವರ ಕೈಗೂ ಒಂದು ಬಟ್ಟಲು ಕೊಟ್ಟೆ.

“ಲಾವಣ್ಯ ಇವತ್ತು ಒಂದು ವಿಮಾನ ನಿಲ್ಲಿಸಿದ್ಲು ರತ್ನಮ್ಮ.”

“ಅಯ್ಯೋ ರಾಮಾ! ಹೋಗಿದ್ದಕ್ಕೆ ಪಾಯಸ ಮಾಡೋದು ಕೇಳಿದೀನಿ, ಹೋಗ್ದಲೆ ನಿಂತಿದ್ದಕ್ಕೂ ಮಾಡ್ತಾರೇನ್ರೀ?” ಎಂದು ಅವರು ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟರು, ಚಪ್ಪರಿಸಿದರು, ಇನ್ನೊಂದು ಚಮಚ ತೆಗೆದುಕೊಂಡರು. “ಏಲಕ್ಕಿ ಒಂಚೂರು ಮುಂದಾಗಿದ್ರೆ ಚೆನ್ನಾಗಿರೋದು.”